ಕರಿ ಪರದೆಯಲ್ಲಿ ಹಿಡಿದ ಸೀಟು

ದುಂಡಪ್ಪನಿಗೆ ಸುಮ್ಮನೆ ಕೂಡುವುದೆಂದರೆ ಮೈಮೇಲೆ ಕೆಂಜಿರುವೆ ಬಿಟ್ಟ ಹಾಗೆ. ಮೂಡಲಗಿಯಲ್ಲಿ ಅವನದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ಪಂಪಿನ ಮೋಟಾರು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಂತಿ ಸುತ್ತುವ ಕೆಲಸ. ಕೈ ಆಡುತ್ತಿದ್ದರೆ ಅವನ ಬಾಯಿ ಸುಮ್ಮನಿರುತ್ತಿತ್ತು. ಕೈ ನಿಂತರೆ ಬಾಯಿ ಶುರುವಾಗುತ್ತಿತ್ತು, ಶುರುವಾದ ಮೇಲೆ ಎದುರಿಗಿರುವವರು ಯಾರೆಂದು ನೋಡುತ್ತಿರಲಿಲ್ಲ. ಅಂಥವನನ್ನು ಆ ಭಾನುವಾರ ಮಗಳು ಐಶ್ವರ್ಯ ಅಂಗಡಿಯ ಕಂಪ್ಯೂಟರಿನ ಮುಂದೆ ಕೂಡಿಸಿ, ಏಳಬೇಡ, ಯಾರ ಸಂಗಡವೂ ಮಾತಾಡಬೇಡ ಎಂದು ಹೇಳಿ ಹುಕ್ಕೇರಿಗೆ ಹೋಗಿದ್ದಳು.

ಐಶ್ವರ್ಯ ಗೋಕಾಕದಲ್ಲಿ ಡಿಪ್ಲೊಮಾ ಓದುತ್ತಿದ್ದಳು. ಓದಿನ ಜೊತೆಗೆ ಒಂದು ಆಟದ ಹುಚ್ಚು. ಕಂಪ್ಯೂಟರಿನೊಳಗೆ ಕಲ್ಲು, ಮಣ್ಣು ಒಂದೊಂದೇ ಇಟ್ಟು ಊರು ಕಟ್ಟುವ ಆಟ ಅದು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ಹುಡುಗ ಹುಡುಗಿಯರು ತಮ್ಮ ತಮ್ಮ ಮನೆಯಲ್ಲಿ ಕೂತೇ ಒಂದು ಸರ್ವರಿನಲ್ಲಿ ಸೇರಿ ಆಡುತ್ತಿದ್ದರು. ಗೋಕಾಕದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅಯೂಬ ಆ ಸರ್ವರನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದ. ಐಶ್ವರ್ಯ ಅದರಲ್ಲಿ ಎರಡು ವರ್ಷದಿಂದ ಧುಪದಾಳದ ಒಡ್ಡು ಕಟ್ಟುತ್ತಿದ್ದಳು. ಹರಿಯುವ ಘಟಪ್ರಭೆ, ಒಡ್ಡಿನ ಮೇಲಿಂದ ಇಳಿಯುವ ನೀರು, ಕಾಲುವೆಯ ಬಾಗಿಲು, ದಂಡೆಯ ಜಾಲಿಗಿಡ, ಎಲ್ಲ ಇದ್ದವು. ಅದಕ್ಕಾಗಿ ಅಪ್ಪನ ಗಾಡಿಯ ಹಿಂದೆ ಕೂತು ಎಷ್ಟೋ ಸಲ ಧುಪದಾಳಕ್ಕೆ ಹೋಗಿ ಫೋಟೊ ಹೊಡೆದುಕೊಂಡು ಬಂದಿದ್ದಳು. ಸುಳ್ಳು ಒಡ್ಡಿಗೆ ಖರೆ ಪೆಟ್ರೋಲು ಸುಡುವುದೇ ಎಂದು ದುಂಡಪ್ಪ ಪ್ರತಿ ಸಲ ಒದರಿದ್ದ, ಪ್ರತಿ ಸಲ ಕರೆದುಕೊಂಡೂ ಹೋಗಿದ್ದ.

ಈಗ ಅಯೂಬ ಹಳೆಯ ಸರ್ವರ್ ಮುಚ್ಚಿ ಹೊಸದಕ್ಕೆ ಹೋಗುವವನಿದ್ದ. ಭಾನುವಾರ ದಿನವಿಡೀ ಒಬ್ಬೊಬ್ಬರ ಹೆಸರು ಕೂಗುತ್ತಾನೆ. ಹೆಸರಿನವರು ಒಳಗಿದ್ದು ಓಗೊಟ್ಟರೆ ಅವರು ಕಟ್ಟಿದ್ದನ್ನು ನೋಡಿ ಹೊಸ ಜಾಗಕ್ಕೆ ಒಯ್ಯುತ್ತಾನೆ. ಸಂಜೆ ಆರಕ್ಕೆ ಉಳಿದದ್ದೆಲ್ಲ ಅಳಿಸಿ ಹೋಗುತ್ತದೆ. ಯಾರ ಪಾಳಿ ಯಾವಾಗ ಎಂದು ಅವನು ಹೇಳಿರಲಿಲ್ಲ. ಸರ್ವರೋ ಸಣ್ಣದು, ಒಂದು ಸಲಕ್ಕೆ ಹನ್ನೆರಡೇ ಮಂದಿ ಹಿಡಿಯುತ್ತಿದ್ದರು. ಬೆಳಿಗ್ಗೆ ಒಳಗೆ ಹೋದವರು ಹೊರಗೆ ಬರುವ ಮಾತೇ ಇರಲಿಲ್ಲ.

ಸರಿಯಾಗಿ ಅದೇ ದಿನ ಹುಕ್ಕೇರಿಯಲ್ಲಿ ಹೆಂಡತಿ ಚನ್ನವ್ವನ ತಂಗಿಯ ಬಸುರಿ ಮಗಳ ಕುಬಸ. ಕುಬಸಕ್ಕೆ ಬರದ ಮಗಳು ನನ್ನ ಮನೆಯಲ್ಲಿ ಇರುವುದು ಬೇಡ ಎಂದು ಚನ್ನವ್ವ ಒಂದೇ ಮಾತಿನಲ್ಲಿ ತೀರಿಸಿಬಿಟ್ಟಿದ್ದಳು. ಅವಳ ಮುಂದೆ ದುಂಡಪ್ಪನ ಬಾಯಿಯೂ ನಡೆಯುತ್ತಿರಲಿಲ್ಲ.

ಹಾಗಾಗಿ ಐಶ್ವರ್ಯ ಈ ಉಪಾಯ ಹೂಡಿದಳು. ಅಂಗಡಿಯ ಹಳೆಯ ಕಂಪ್ಯೂಟರಿಗೆ ಆಟ ತೆರೆಯುವ ತಾಕತ್ತಿರಲಿಲ್ಲ. ಆದರೆ ಒಂದು ಸಣ್ಣ ಪ್ರೋಗ್ರಾಮು ಹಾಕಿದರೆ ಆಟವನ್ನು ತೆರೆಯದೆಯೇ ಸರ್ವರಿನ ಒಳಗೆ ಹೋಗಿ ನಿಲ್ಲಬಹುದಿತ್ತು. ಪರದೆ ಪೂರಾ ಕರಿ. ಚಿತ್ರವಿಲ್ಲ, ನದಿಯಿಲ್ಲ, ಒಳಗಿದ್ದವರು ಆಡುವ ಮಾತಿನ ಸಾಲುಗಳು ಮಾತ್ರ ಬಿಳಿ ಅಕ್ಷರದಲ್ಲಿ ಕೆಳಗಿನಿಂದ ಮೇಲೆ ಸರಿಯುತ್ತವೆ. ಕೆಳಗೆ ಟೈಪ್ ಮಾಡಿ ಎಂಟರ್ ಒತ್ತಿದರೆ ನಮ್ಮ ಮಾತೂ ಅವರಿಗೆ ಕಾಣುತ್ತದೆ. ಆಟದಲ್ಲಿ ನೋಡಿದವರಿಗೆ ಐಶ್ವರ್ಯಳ ಗೊಂಬೆ ಒಡ್ಡಿನ ಮೇಲೆ ನಿಂತದ್ದು ಕಾಣುತ್ತಿರುತ್ತದೆ.

"ಇದ್ರಾಗ ನೀ ಏನೂ ಮುರ್ಯಾಕ ಬರೂದಿಲ್ಲಪ್ಪಾ, ಬರೇ ಮಾತು," ಅಂದಿದ್ದಳು. ಬಹಳ ಹೊತ್ತು ಸುಮ್ಮನಿದ್ದರೆ ಸರ್ವರ್ ತಾನೇ ಹೊರಗೆ ಹಾಕುತ್ತದೆ, ಆಗಾಗ ಒಂದು ಚುಕ್ಕೆ ಒತ್ತಿ ಎಂಟರ್ ಹೊಡಿ. ಅಯೂಬ ನನ್ನ ಹೆಸರು ಕೂಗಿದರೆ 'ಅದೇನಿ', ಇಲ್ಲೇ ಇದ್ದೇನೆ ಅಂತ ಹಾಕಿ ನನಗೆ ಫೋನ್ ಮಾಡು. ನಾಲ್ಕೂವರೆ ಐದಕ್ಕೆಲ್ಲ ನಾನೇ ಬಂದು ಕೂಡುತ್ತೇನೆ. ಆದರೆ ಕೂತವನು ನೀನು ಅಂತ ಯಾರಿಗೂ ಗೊತ್ತಾಗಕೂಡದು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಒಳಗೆ ಬಂದದ್ದು ತಿಳಿದರೆ ಆ ಹೆಸರಿನವರು ಕಟ್ಟಿದ್ದನ್ನು ಅಯೂಬ ಒಯ್ಯುವುದಿಲ್ಲ. ಇಷ್ಟನ್ನೂ ಎರಡೆರಡು ಸಲ ಹೇಳಿದ್ದಳು.

ದುಂಡಪ್ಪನಿಗೆ ಉಳಿದದ್ದು ತಿಳಿಯದಿದ್ದರೂ ಮುಖ್ಯ ಸಂಗತಿ ತಿಳಿದಿತ್ತು. ಗದ್ದಲದ ಬಸ್ಸು ಬಂದಾಗ ಕಿಡಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದಿಲ್ಲವೇ, ಇದೂ ಅದೇ. ಈ ಹೊತ್ತು ತಾನೇ ಆ ಟವೆಲ್ಲು.

ಟವೆಲ್ಲಿಗೆ ಕೈಕಾಲು ಇರುವುದಿಲ್ಲ, ಇವನಿಗೆ ಇದ್ದವು. ಮಧ್ಯಾಹ್ನದ ಹೊತ್ತಿಗೆ ಕಾಲು ಕುಣಿಯತೊಡಗಿತು. ಎದ್ದು ಬಾಗಿಲಿಗೆ ಹೋಗುವನು, ಸಾಲು ಸರಿದದ್ದು ಕಂಡರೆ ಓಡಿ ಬರುವನು. ಮಸಗುಪ್ಪಿಯ ಸಿದ್ರಾಯ ಬಿಚ್ಚಿ ಬಿದ್ದಿದ್ದ ತನ್ನ ಮೋಟಾರಿನ ಬಾಜೂ ಸ್ಟೂಲು ಹಾಕಿಕೊಂಡು ಕೂತಿದ್ದ. ಸಂಜೆ ಕರೆಂಟು ಬರುವುದರೊಳಗೆ ಅದು ಅವನ ಬಾವಿಗೆ ಇಳಿಯಬೇಕಿತ್ತು. ತಂತಿ ಅರ್ಧ ಸುತ್ತಿದ್ದು ಹಾಗೇ ನಿಂತಿತ್ತು.

"ದುಂಡಪ್ಪಣ್ಣಾ, ಆ ಟೀವ್ಯಾಗ ಏನ ಬರಾಕತ್ತೈತಿ? ಬರೇ ಕರ್ರಗ ಕಾಣತೈತಿ," ಅಂದ ಸಿದ್ರಾಯ.

"ನನ್ನ ಹಣೇಬಾರ ಬರಾಕತ್ತೈತಿ. ಸುಮ್ಮ ಕುಂದ್ರು."

ಬರೀ ಚುಕ್ಕೆ ಹಾಕುವುದು ದುಂಡಪ್ಪನಿಗೆ ಸರಿ ಬರಲಿಲ್ಲ. ನಾಲ್ಕು ಮಂದಿ ಕೂತಲ್ಲಿ ಹೋಗಿ ಮಾತಿಲ್ಲದೆ ನಿಂತರೆ ಅದು ದೊಡ್ಡಸ್ತಿಕೆಯಾಗುತ್ತದೆ. ಅಲ್ಲಿದ್ದವರೆಲ್ಲ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ಬಿಲ್ಲು ಟೈಪ್ ಮಾಡಿ ಅವನಿಗೂ ಅಷ್ಟು ರೂಢಿಯಿತ್ತು. ಒಂದು ಬೆರಳಿನಿಂದ ಹುಡುಕಿ ಹುಡುಕಿ, ಎಲ್ಲರದೂ ಊಟ ಆತೇನ್ರಿ ಎಂದು ಹಾಕಿದ. ಸ್ವಲ್ಪ ಹೊತ್ತಿಗೆ ಚಾ ಆತೇನ್ರಿ ಎಂದ. ಹೊಸಬರು ಒಳಗೆ ಬಂದ ಸಾಲು ಕಂಡರೆ ಬರ್ರಿ ಬರ್ರಿ, ಯಾವೂರು, ಯಾರ ಪೈಕಿ ಎಂದು ಕೇಳಿದ. ಪ್ರತಿ ಸಾಲಿನ ಮೊದಲಿಗೆ ಮಗಳ ಹೆಸರು ತಾನಾಗಿ ಬೀಳುತ್ತಿತ್ತು: ಐಶು ಮೂಡಲಗಿ. ಅದನ್ನು ಅವನು ನೋಡುತ್ತಿದ್ದ, ಆದರೆ ಅದರ ಅರ್ಥ ಇನ್ನೂ ತಲೆಗೆ ಇಳಿದಿರಲಿಲ್ಲ.

ಒಳಗಿನವರು ನಕ್ಕರು. ಐಶೂಗೆ ಇವತ್ತು ಮುದುಕನ ದೆವ್ವ ಬಡಿದಿದೆ ಎಂದು ಒಬ್ಬ ಬರೆದ. ದುಂಡಪ್ಪ ನುಂಗಿಕೊಂಡ.

ಮೂರರ ಸುಮಾರಿಗೆ ಹುಕ್ಕೇರಿಯ ಶ್ರೀಶೈಲ ಎಂಬವನು ಗಂಟುಬಿದ್ದ. ಜೀನತ ಎಂಬ ಹುಡುಗಿ ಬೆಳಿಗ್ಗೆಯಿಂದ ಒಳಗೆ ಬರಲು ಒದ್ದಾಡುತ್ತಿದ್ದಾಳೆ, ಜಾಗವೇ ಇಲ್ಲ, ಇಲ್ಲಿ ಐಶು ನೋಡಿದರೆ ಒಂದು ಕಲ್ಲೂ ಸರಿಸದೆ ಒಡ್ಡಿನ ಮೇಲೆ ಕಂಬದ ಹಾಗೆ ನಿಂತಿದ್ದಾಳೆ, ಕೆಲಸವಿಲ್ಲದಿದ್ದರೆ ಜಾಗ ಬಿಡಲಿ ಎಂದು ಬರೆದ. ಅದು ನ್ಯಾಯದ ಮಾತೇ ಆಗಿತ್ತು. ಬಸ್ಸಿನಲ್ಲಾದರೂ ಟವೆಲ್ ನೋಡಿ ಜಗಳ ತೆಗೆಯುವವರು ನ್ಯಾಯವನ್ನೇ ಆಡುತ್ತಿರುತ್ತಾರೆ. ಆದರೆ ಅಂಥ ಜಗಳದಲ್ಲಿ ದುಂಡಪ್ಪ ಇಲ್ಲಿತನಕ ಒಂದು ಸಲವೂ ಸೀಟು ಬಿಟ್ಟುಕೊಟ್ಟವನಲ್ಲ.

ಬಿಡುವುದಿಲ್ಲ ಎಂದು ಹಾಕಿದ. ಶ್ರೀಶೈಲ ಮತ್ತೆ ಕೇಳಿದ. ಇವನು ಮತ್ತೆ ಬಿಡುವುದಿಲ್ಲ ಎಂದ. ಇದು ಐಶು ಅಲ್ಲ, ಕೂಡಿಸಿಟ್ಟ ಮಷಿನ್ನು, ಇದಕ್ಕೆ ಎರಡೇ ಮಾತು ಬರುತ್ತವೆ, ಒಂದು ಚಾ, ಇನ್ನೊಂದು ಬಿಡೂದಿಲ್ಲ ಎಂದು ಶ್ರೀಶೈಲ ಬರೆದ. ಉಳಿದವರು ನಗುವ ಗುರುತುಗಳನ್ನು ಸಾಲುಸಾಲಾಗಿ ಹಾಕಿದರು.

ದುಂಡಪ್ಪನ ಕಿವಿ ಬಿಸಿಯಾಯಿತು. ಅಷ್ಟೊತ್ತು ಒಂದೊಂದೇ ಅಕ್ಷರ ಹುಡುಕುತ್ತಿದ್ದ ಬೆರಳಿಗೆ ಈಗ ಕೀಲಿಗಳು ತಾವೇ ಸಿಕ್ಕವು.

"ಮುಚ್ಕೊಂಡ ಕುಂದ್ರಲೇ ಕತ್ತಿಮಗನ. ಹುಕ್ಕೇರಿಗೆ ಬಂದ್ರ ನಿನ್ನ ಹಲ್ಲೂ ಎಣಸ್ತೇನಿ, ನಿಮ್ಮಪ್ಪನ ಹಲ್ಲೂ ಎಣಸ್ತೇನಿ."

ಅಲ್ಲಿಗೇ ನಿಲ್ಲಲಿಲ್ಲ. ಶ್ರೀಶೈಲನ ಅಪ್ಪ, ಅಜ್ಜ, ಅವರು ಸಾಕಿದ ಎಮ್ಮೆ, ಯಾರನ್ನೂ ಬಿಡದೆ ಇನ್ನಷ್ಟು ಹಾಕಿದ. ಬರೆಯಬಾರದ ಒಂದೆರಡು ಮಾತುಗಳೂ ಹೋದವು. ಎಂಟರ್ ಹೊಡೆದು ಹಿಂದೆ ಒರಗಿದಾಗ ಮೈ ಹಗುರಾಗಿತ್ತು. ಬೆಳಿಗ್ಗೆಯಿಂದ ಇಷ್ಟು ಆರಾಮ ಅನಿಸಿರಲಿಲ್ಲ.

ಆಮೇಲೆ ಒಬ್ಬರ ಹಿಂದೆ ಒಬ್ಬರು ಬರೆದರು. ಐಶು ಹಿಂಗ ಮಾತಾಡತಾಳೇನು? ಹುಡುಗಿ ಬಾಯಾಗ ಇಂಥ ಮಾತೇನು? ಎಲ್ಲದರ ಫೋಟೊ ತೆಗೆದುಕೊಂಡಿದ್ದೇನೆ, ನಮ್ಮ ವಾಟ್ಸಪ್ ಗ್ರೂಪಿಗೆ ಹಾಕುತ್ತೇನೆ, ಮೂರೂ ತಾಲೂಕಿನವರು ಓದಲಿ ಎಂದು ಶ್ರೀಶೈಲ ಬರೆದ.

ಆಗ ದುಂಡಪ್ಪ ತಾನು ಹಾಕಿದ ಸಾಲುಗಳನ್ನು ಮತ್ತೊಮ್ಮೆ ನೋಡಿದ. ಪ್ರತಿ ಬೈಗುಳದ ಮೊದಲಿಗೆ, ಮನೆಯ ಬಾಗಿಲ ಮೇಲಿನ ಹೆಸರಿನ ಹಾಗೆ ನೆಟ್ಟಗೆ ನಿಂತಿತ್ತು: ಐಶು ಮೂಡಲಗಿ. ಬೈದವನು ಅವನಾಗಿರಲಿಲ್ಲ. ಬೈದದ್ದು ಅವನ ಮಗಳು.

ಹುಕ್ಕೇರಿಯ ಕುಬಸದ ಮನೆಯಲ್ಲಿ ಹರೆಯದ ಹುಡುಗರು ಎಷ್ಟು ಮಂದಿ ಇದ್ದಾರೋ, ಎಲ್ಲರ ಕೈಯಲ್ಲೂ ಮೊಬೈಲು. ಫೋಟೊ ಅಲ್ಲಿಗೇ ಹೋಗುತ್ತದೆ. ದುಂಡಪ್ಪನ ಮಗಳ ಬಾಯಿ ನೋಡ್ರಿ ಅನ್ನುತ್ತಾರೆ. ನಾಳೆ ಬೀಗತನಕ್ಕೆ ಬಂದವರೂ ಅನ್ನುತ್ತಾರೆ. ಎದ್ದ, ಕೂತ, ಮತ್ತೆ ಎದ್ದ.

"ಏನಾತೋ ಅಣ್ಣಾ?" ಅಂದ ಸಿದ್ರಾಯ.

ಯಾರಿಗಾದರೂ ಹೇಳಲೇಬೇಕಿತ್ತು, ಹೇಳಿದ. ಸಿದ್ರಾಯ ಸ್ಟೂಲು ಹತ್ತಿರ ಎಳೆದುಕೊಂಡು ಪೂರಾ ಕೇಳಿದ. ಬೈದವನು ನೀನೇ ಅಂತ ಬರೆದುಬಿಡು, ಗಂಡಸು ಬೈದರೆ ಯಾರು ಕೇಳುತ್ತಾರೆ ಎಂದ. ಬರೆದರೆ ಹೆಸರಿನ ಕಲೆ ತೊಳೆದುಹೋಗುತ್ತದೆ ನಿಜ, ಒಡ್ಡೂ ಹೋಗುತ್ತದೆ. ಬರೆಯದಿದ್ದರೆ ಒಡ್ಡು ಉಳಿದೀತು, ಹೆಸರು ಉಳಿಯುವುದಿಲ್ಲ.

ಮಗಳಿಗೆ ಫೋನ್ ಹಚ್ಚಿದ. ಬಸ್ಸಿನ ಗದ್ದಲದಲ್ಲಿ ಅವಳು ಕೂಗಿ ಮಾತಾಡಿದಳು. ಘಟಪ್ರಭಾ ಬಂತು, ಇಲ್ಲಿ ಬಸ್ಸು ಬದಲಿಸುತ್ತೇವೆ, ಅಯೂಬಣ್ಣ ಕೂಗಿದನೇ, ಎಲ್ಲ ಬರೋಬರಿ ಇದೆಯೇ ಎಂದು ಕೇಳಿದಳು. ದುಂಡಪ್ಪ ಬಾಯಿ ತೆರೆದ. ತುಂಬಿದ ಬಸ್ಸಿನಲ್ಲಿ, ಅವ್ವನ ಬಾಜೂ ನಿಂತ ಹುಡುಗಿಗೆ ಇದನ್ನು ಹೇಗೆ ಹೇಳುವುದು?

"ಬರೋಬರಿ ಐತಿ," ಅಂದು ಇಟ್ಟುಬಿಟ್ಟ.

ಪರದೆಯಲ್ಲಿ ಅಯೂಬನ ಸಾಲು ಬಂದಿತ್ತು. ಐಶು, ಇದು ನೀನೇ ಏನು, ಖರೆ ಹೇಳು, ನನಗೆ ನೀನು ಅನಿಸುವುದಿಲ್ಲ ಎಂದು ಅವನು ಕೇಳಿದ್ದ. ಕೆಳಗೆ ಶ್ರೀಶೈಲನ ಸಾಲು: ಅವಳೇ, ಬಣ್ಣ ಬಯಲಾಗಿದೆ ಅಷ್ಟೆ.

ಆ ಬಣ್ಣದ ಮಾತು ದುಂಡಪ್ಪನಿಗೆ ತಡೆಯಲಾಗಲಿಲ್ಲ. ಕೂತು ಟೈಪ್ ಮಾಡಿದ.

"ನಾ ಐಶ್ವರ್ಯ ಅಲ್ಲ. ಆಕಿ ಅಪ್ಪ ದುಂಡಪ್ಪ. ಮೂಡಲಗ್ಯಾಗ ಮೋಟರ ಅಂಗಡಿ ಐತಿ. ಬೈದಾಂವ ನಾ. ಆಕಿ ಊರಾಗಿಲ್ಲ. ನನ್ನ ಮಗಳ ಬಾಯಾಗ ಇಂಥ ಮಾತ ಬರೂದಿಲ್ಲ."

ಅಯೂಬನ ಉತ್ತರ ಬಂತು: ಹೇಳಿದ್ದು ಚಲೋ ಆತು ಕಾಕಾ, ಆದರೆ ನಿಯಮ ಎಲ್ಲರಿಗೂ ಒಂದೇ. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಒಂದು ಸಾಲು ಬಿದ್ದು ಪರದೆ ನಿಂತುಬಿಟ್ಟಿತು. ಮುಂದೆ ಎಷ್ಟು ಒತ್ತಿದರೂ ಏನೂ ಸರಿಯಲಿಲ್ಲ. ಅವನನ್ನು ಹೊರಗೆ ಹಾಕಿದ್ದರು.

ಮಗಳು ಬರುವತನಕ ದುಂಡಪ್ಪ ಒಳಗೆ ಹೊರಗೆ ತಿರುಗಿದ. ಸಿದ್ರಾಯನ ಮೋಟಾರಿಗೆ ಕೈ ಹಚ್ಚಿ ಒಂದು ಸುತ್ತು ತಪ್ಪಿ ಬಿಚ್ಚಿದ. ದುಃಖವಿದ್ದರೂ ಒಳಗೊಂದು ಸಮಾಧಾನವಿತ್ತು. ಒಡ್ಡು ಹೋದರೆ ಹೋಗಲಿ, ಆಟದ್ದು. ಹೆಸರು ಉಳಿಯಿತು. ಅವಳು ಅತ್ತರೆ ಹೀಗೆಯೇ ಸಮಾಧಾನ ಹೇಳಬೇಕು ಎಂದು ಮಾತು ಕೂಡಿಸಿಕೊಂಡ.

ಐಶ್ವರ್ಯ ಇಳಕಲ್ ಸೀರೆಯಲ್ಲೇ ಬಸ್‌ಸ್ಟ್ಯಾಂಡಿನಿಂದ ಓಡಿ ಬಂದಳು. ಐದು ದಾಟಿತ್ತು. ನಿಂತ ಪರದೆ ನೋಡಿ ಏನು ಇದು ಎಂದಳು. ದುಂಡಪ್ಪ ಒಂದನ್ನೂ ಮುಚ್ಚಿಡದೆ ಹೇಳಿದ. ಎಮ್ಮೆಯನ್ನು ಬೈದದ್ದನ್ನೂ ಹೇಳಿದ. ಕೊನೆಗೆ, ನಿನ್ನ ಹೆಸರಿಗೆ ಕಲೆ ಹತ್ತಗೊಡಲಿಲ್ಲ ಎಂದು ಮುಗಿಸಿದ.

ಅವಳು ಅಳಲಿಲ್ಲ. ಅಪ್ಪನ ಸಿಟ್ಟೇ ಅವಳ ಮುಖಕ್ಕೂ ಏರಿತು.

"ಹೆಸರ? ಆ ಹೆಸರ ಏನ ಪಂಚಾಯತ್ಯಾಗ ಬರಸೇನೇನಪ್ಪಾ? ಐಶು ಹೋದ್ರ ಕರೆವ್ವ ಅಂತ ಇಟ್ಕೊಂತಿದ್ದೆ, ಚುಟಕಿ ಹೊಡ್ಯೂದ್ರಾಗ ಬದಲಾಗತೈತಿ. ಫೋಟೊ ಹಾಕಿದ್ರ ಎಂಟ ದಿನ ನಗತಿದ್ರು, ನಾನೂ ನಗತಿದ್ದೆ. ಧುಪದಾಳ ಎಲ್ಲಿಂದ ತರ್ಲಿ? ಎರಡ ವರ್ಸ ಕಟ್ಟೇನಿ. ಅದಕ್ಕ ಬ್ಯಾರೆ ಹೆಸರ ಇಟ್ರ ಬರತೈತೇನ?"

ದುಂಡಪ್ಪನ ಲೆಕ್ಕದಲ್ಲಿ ಮೊದಲು ಹೋಗಬೇಕಾದದ್ದು ಒಡ್ಡು, ಕಾಯಬೇಕಾದದ್ದು ಹೆಸರು. ಆ ಜಾಗದಲ್ಲಿ ಹೆಸರೆಂದರೆ ಅಂಗಿಯಷ್ಟೇ ಎಂಬುದು ಅವನಿಗೆ ಯಾರು ಹೇಳಬೇಕಿತ್ತು? ಫೋನಿನಲ್ಲಿ ಒಂದು ಮಾತು ಕೇಳಿದ್ದರೆ ಅವಳೇ ಹೇಳುತ್ತಿದ್ದಳು. ಕೇಳಲಿಲ್ಲ. ಬರೋಬರಿ ಐತಿ ಅಂದುಬಿಟ್ಟ.

"ಅಯೂಬಂದ ನಂಬರ ಕೊಡು," ಅಂದ.

"ಮತ್ತ ಅವ್ನೂ ಬೈತೀಯೇನು?"

"ಕೊಡವಾ."

ಅಯೂಬ ಎರಡನೆಯ ಸಲಕ್ಕೆ ಫೋನ್ ಎತ್ತಿದ. ದುಂಡಪ್ಪ ಜೀವನದಲ್ಲಿ ಗಿರಾಕಿಯ ಮುಂದೆ ತಗ್ಗಿ ಮಾತಾಡಿದವನಲ್ಲ. ಈಗ ತಮ್ಮಾ ಎಂದು ಶುರುಮಾಡಿದ. ತಪ್ಪು ನನ್ನದು, ಶಿಕ್ಷೆ ನನಗೆ ಕೊಡು, ಆಕೆ ಕಟ್ಟಿದ್ದನ್ನು ಒಯ್ದುಬಿಡು ಎಂದ. ನಿಮ್ಮನ್ನು ಆಗಲೇ ಹೊರಗೆ ಹಾಕಿದ್ದೇನೆ ಕಾಕಾ, ಇನ್ನೇನು ಶಿಕ್ಷೆ ಕೊಡಲಿ ಎಂದು ಅಯೂಬ ನಕ್ಕ. ಆಮೇಲೆ ಯೋಚಿಸಿ, ನಾನೊಬ್ಬನೇ ನಿಯಮ ಮುರಿದರೆ ಉಳಿದವರು ನನ್ನನ್ನು ಬಿಡುವುದಿಲ್ಲ, ನೀವು ಬೈದದ್ದು ಶ್ರೀಶೈಲನಿಗೆ, ಎಲ್ಲರ ಮುಂದೆ ಅವನ ಕೂಡ ಮಾತಾಡಿರಿ, ಅವನು ಹೂಂ ಅಂದರೆ ಯಾರೂ ಬೇಡ ಅನ್ನುವುದಿಲ್ಲ ಎಂದ. ನಿಮ್ಮ ಜಾಗಕ್ಕೆ ಜೀನತ ಬಂದಿದ್ದಾಳೆ, ಅವಳ ಕೆಲಸ ಮುಗಿಯುತ್ತ ಬಂದಿದೆ, ಅವಳು ಹೊರಬಿದ್ದ ಕೂಡಲೇ ನುಗ್ಗಿರಿ, ಹೊರಗೆ ಬಹಳ ಮಂದಿ ಕಾದಿದ್ದಾರೆ ಎಂದೂ ಹೇಳಿದ.

ಆರಕ್ಕೆ ಇನ್ನು ಬಹಳ ಹೊತ್ತಿರಲಿಲ್ಲ. ಮನೆಗೆ ಹೋಗಿ ಲ್ಯಾಪ್‌ಟಾಪ್ ತಂದು ಆಟ ತೆರೆಯುವಷ್ಟು ಸಮಯವಿಲ್ಲ. ಐಶ್ವರ್ಯ ಕರಿ ಪರದೆಯ ಮುಂದೆಯೇ ಕೂತು, ಸೇರಿಸು ಎಂಬ ಆಜ್ಞೆಯನ್ನು ಟೈಪ್ ಮಾಡಿ ಎಂಟರ್ ಹೊಡೆದಳು. ಭರ್ತಿಯಾಗಿದೆ ಎಂದು ಬಂತು. ಮತ್ತೆ ಹೊಡೆದಳು. ಭರ್ತಿ. ಬಳೆ ತುಂಬಿದ ಕೈ ಒಂದೇ ಸವನೆ ಏರಿಳಿಯಿತು. ದುಂಡಪ್ಪ ಅವಳ ಬೆನ್ನ ಹಿಂದೆ ನಿಂತು ಉಗುರು ಕಡಿದ. ಸಿದ್ರಾಯ ತನ್ನ ಕರೆಂಟು ಮರೆತು ಪರದೆಗೆ ಮೂಗು ಹಚ್ಚಿದ್ದ.

ಭರ್ತಿ. ಭರ್ತಿ. ಭರ್ತಿ. ಆಮೇಲೆ ಬಿಳಿ ಸಾಲುಗಳು ದಡದಡನೆ ಮೇಲೇರಿದವು. ಒಳಗೆ ಬಂದಿದ್ದರು.

ಅವಳು ಎದ್ದು ಕುರ್ಚಿ ಬಿಟ್ಟಳು. "ಬರಿ," ಅಂದಳು.

ಈಗ ಬೆರಳಿಗೆ ಒಂದು ಅಕ್ಷರವೂ ಸಿಗಲೊಲ್ಲದು. ಶ್ರೀಶೈಲ ಎಂದು ಬರೆಯಲು ಮೂರು ಸಲ ಅಳಿಸಿದ. ಬೈಯುವಾಗ ಕಾಕಾನ ಸ್ಪೀಡು ಬೇರೆ ಇತ್ತಲ್ಲ ಎಂದು ಯಾರೋ ಛೇಡಿಸಿದರು. ಅದನ್ನೂ ನುಂಗಿದ.

"ಶ್ರೀಶೈಲಾ, ನಿನ್ನ ಬೈದದ್ದು ತಪ್ಪಾತು. ನಿಮ್ಮಪ್ಪನ್ನ ಎಳದದ್ದು ಇನ್ನೂ ತಪ್ಪಾತು. ಜಾಗ ಕೇಳಿದ್ದು ನ್ಯಾಯ ಇತ್ತು. ಸಿಟ್ಟ ನನ್ನ ಮ್ಯಾಲಿರ್ಲಿ. ಒಡ್ಡು ನಂದಲ್ಲ, ಆಕಿದು."

ಎಂಟರ್ ಹೊಡೆದ. ಉಳಿದವರ ಸಾಲು ಬಂದವು, ಶ್ರೀಶೈಲನದಿಲ್ಲ. ಅಯೂಬ, ಶ್ರೀಶೈಲ ಏನಂತಿ, ಹೊತ್ತಿಲ್ಲ ಎಂದು ಕೇಳಿದ. ದುಂಡಪ್ಪನಿಗೆ ಎದ್ದು ಹುಕ್ಕೇರಿಗೆ ಓಡಿಹೋಗಿ ಆ ಹುಡುಗನ ಮುಂದೆ ನಿಲ್ಲಬೇಕು ಅನಿಸಿತು. ಹಲ್ಲು ಎಣಿಸಲಿಕ್ಕಲ್ಲ.

ಕೊನೆಗೆ ಬಂತು.

"ಕಾಕಾ, ನಮ್ಮಪ್ಪಗ ತೋರಿಸಿ ಬಂದ್ನಿ. ಇಷ್ಟ ಬೈಗಳ ತನಗೂ ಬರೂದಿಲ್ಲ, ಮೂಡಲಗಿಗೆ ಹೋದ್ರ ಭೆಟ್ಟಿ ಆಗತೇನಿ ಅಂದ. ಅಯೂಬಣ್ಣಾ, ಒಡ್ಡು ಒಯ್ಯಿ. ಆಟದಾಗ ನಾ ದಿನಾ ಅದರ ಮ್ಯಾಲಿಂದನ ಹೊಳಿ ದಾಟತೇನಿ, ಅದಿಲ್ಲಂದ್ರ ನಾ ಹೆಂಗ ದಾಟ್ಲಿ?"

ಅಯೂಬ ಹೆಸರು ಕೂಗಿದ. ಐಶ್ವರ್ಯ ಅಪ್ಪನ ಹೆಗಲು ಹಿಡಿದು ಕುರ್ಚಿಯಿಂದ ಎಬ್ಬಿಸಿದಳು, ಹೆಚ್ಚುಕಡಿಮೆ ನೂಕಿದಳು ಅಂದರೂ ಸರಿ. ಅಯೂಬ ಒಡ್ಡಿನ ಮೂಲೆಗಳನ್ನು ಕೇಳುತ್ತಿದ್ದ, ಅವಳು ಬಾಯಿಪಾಠದಂತೆ ಹೇಳುತ್ತ ಹೋದಳು. ಇಲ್ಲಿಂದ ಇಲ್ಲಿಗೆ ನದಿ, ಇಲ್ಲಿಂದ ಇಲ್ಲಿಗೆ ಒಡ್ಡು, ಬಾಗಿಲು ಬಿಡಬೇಡ ಅಯೂಬಣ್ಣಾ, ಬಾಗಿಲು ಮರೀಬ್ಯಾಡ.

ದುಂಡಪ್ಪ ಮೋಟಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ತಂತಿ ಹಿಡಿದ, ಬಿಟ್ಟ, ಮತ್ತೆ ಹಿಡಿದ. ಹಿಂದಿನಿಂದ ಕೀಲಿಗಳ ಟಕಟಕ ಕೇಳುತ್ತಿತ್ತು. ಆಮೇಲೆ ಅದು ನಿಂತಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

"ಒಡ್ಡು ಬಂತೇನವಾ?" ಅಂದ.

"ಬಂತು," ಅಂದಳು ಐಶ್ವರ್ಯ. "ಇವತ್ತ ನನ್ನ ಜೋಡಿ ಮಾತಾಡಬ್ಯಾಡ."

ದುಂಡಪ್ಪ ಸಿದ್ರಾಯನ ಮೋಟಾರಿಗೆ ತಂತಿ ಸುತ್ತತೊಡಗಿದ.